ರಾಕ್ ಬ್ಯಾಂಡಿನ ಜೊತೆ 41 ವಾದ್ಯಗಾರರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಐಸ್‌ಲ್ಯಾಂಡಿನ ಪ್ರಯೋಗಶೀಲ ರಾಕ್ ತಂಡ ಸಿಗುರ್ ರೋಸ್ 2023ರಲ್ಲಿ 41 ಜನರ ಆರ್ಕೆಸ್ಟ್ರಾ ಕಟ್ಟಿಕೊಂಡು ಯುರೋಪ್, ಅಮೆರಿಕಗಳಲ್ಲಿ ಕಛೇರಿ ಕೊಟ್ಟಿತು. ಇಂಥ ಪ್ರವಾಸ ಹೇಗೆ ನಡೆಯುತ್ತದೆ ಎಂದು ಕೇಳಿದವರಿಗೆ ಈ ಉತ್ತರಗಳು.

ನಮ್ಮೂರಲ್ಲಿ ಆರ್ಕೆಸ್ಟ್ರಾ ಅಂದರೆ ಗಣೇಶೋತ್ಸವದಲ್ಲಿ ಸಿನಿಮಾ ಹಾಡು ಹಾಡುವ ತಂಡ. ಇದೂ ಅದೇನಾ? ಅಷ್ಟು ಜನರನ್ನು ಊರೂರಿಗೆ ಕರೆದುಕೊಂಡು ಹೋಗುತ್ತಾರಾ? (ದಾವಣಗೆರೆ)

ಅದಲ್ಲ. ಇದು ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದ. ಪಿಟೀಲು, ಅದೇ ಜಾತಿಯ ದೊಡ್ಡ ವಾದ್ಯಗಳಾದ ವಯೋಲಾ, ಚೆಲ್ಲೊ, ಡಬಲ್ ಬಾಸ್, ಊದುವ ವಾದ್ಯಗಳು, ಎದುರಿಗೆ ಕೋಲು ಹಿಡಿದ ಕಂಡಕ್ಟರ್. ಎಲ್ಲರೂ ಬರೆದ ಸ್ವರಲಿಪಿ ನೋಡಿಯೇ ನುಡಿಸುತ್ತಾರೆ.

ಇಡೀ ವೃಂದವನ್ನು ಜೊತೆಗೇ ಒಯ್ದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ ಮೂವರ ರಾಕ್ ತಂಡ ಎಮರ್ಸನ್, ಲೇಕ್ ಅಂಡ್ ಪಾಮರ್ 1977ರಲ್ಲೇ ಕಂಡಿತ್ತು. ಸುಮಾರು 70 ವಾದ್ಯಗಾರರೊಡನೆ ಅಮೆರಿಕ ಪ್ರವಾಸ ಹೊರಟವರು ಖರ್ಚು ತಡೆಯಲಾರದೆ ಕೆಲವೇ ವಾರಗಳಲ್ಲಿ ವೃಂದವನ್ನು ಕೈಬಿಟ್ಟು ಮೂವರೇ ಮುಂದುವರಿದರು. ಆಮೇಲೆ ಮಾಂಟ್ರಿಯಲ್ ಒಲಿಂಪಿಕ್ ಸ್ಟೇಡಿಯಂನಂಥ ದೊಡ್ಡ ಕಾರ್ಯಕ್ರಮಕ್ಕೆ ಮಾತ್ರ ವೃಂದ ಮರಳಿತು. ಕಛೇರಿ ಇಲ್ಲದ ದಿನವೂ ಊಟ, ಹೋಟೆಲು, ಸಂಬಳ ನಿಲ್ಲುವುದಿಲ್ಲ, ಹೊಡೆತ ಬೀಳುವುದು ಅಲ್ಲೇ. 2001ರ ಅಮೆರಿಕ ಪ್ರವಾಸದಲ್ಲಿ ‘ಯೆಸ್’ ಎಂಬ ಬ್ರಿಟಿಷ್ ರಾಕ್ ತಂಡ ಬೇರೆ ದಾರಿ ಹಿಡಿದು, ಹೋದ ಕಡೆ ಅಲ್ಲಲ್ಲಿನ ವಾದ್ಯಗಾರರನ್ನು ಕೂಡಿಸಿಕೊಂಡಿತು. ಹೀಗೆ ಮಾಡಿದರೆ ಪ್ರವಾಸ ಮಾಡುವುದು ಕಂಡಕ್ಟರು ಮತ್ತು ಸ್ವರಲಿಪಿಯ ಪೆಟ್ಟಿಗೆ ಮಾತ್ರ.

ಹಾಗಾದರೆ ಅಭ್ಯಾಸ ಯಾವಾಗ? ರಾಕ್ ಕಲಾವಿದರಲ್ಲಿ ಎಷ್ಟೋ ಜನರಿಗೆ ಸ್ವರಲಿಪಿ ಓದಲು ಬರುವುದಿಲ್ಲವಲ್ಲ? (ಧಾರವಾಡ)

ಸ್ಥಳೀಯ ವೃಂದದ ಜೊತೆ ಅನೇಕ ಸಲ ಸಿಗುವುದು ಒಂದೇ ಅಭ್ಯಾಸ, ಮೂರು ಗಂಟೆ. ಅದರಲ್ಲಿ ಸಮಯ ಪೋಲಾಗುವುದು ಸಂಗೀತದಿಂದಲ್ಲ, ಭಾಷೆಯಿಂದ. ಗಾಯಕ “ಎರಡನೇ ಚರಣದಿಂದ ಹೋಗೋಣ” ಅನ್ನುತ್ತಾನೆ. ವೃಂದದವರ ಹಾಳೆಯಲ್ಲಿ ಚರಣವೆಂಬುದೇ ಇಲ್ಲ, ಅವರಿಗೆ ಗೊತ್ತಿರುವುದು “57ನೇ ಬಾರ್” (ಬಾರ್ ಅಂದರೆ ಸ್ವರಲಿಪಿಯಲ್ಲಿ ಗೆರೆ ಎಳೆದು ಬೇರ್ಪಡಿಸಿದ ತಾಳದ ಒಂದು ಖಾನೆ). ಆದ್ದರಿಂದ ಬ್ಯಾಂಡಿನ ಪ್ರತಿಯೊಬ್ಬರಿಗೂ ಒಂದು ಪುಟದ ನಕ್ಷೆ ಕೊಡಿ: ಎಡಕ್ಕೆ ಸಾಹಿತ್ಯದ ಮೊದಲ ಎರಡು ಪದ, ಬಲಕ್ಕೆ ಬಾರ್ ಸಂಖ್ಯೆ. ಈ ಒಂದು ಹಾಳೆ ಅರ್ಧ ಗಂಟೆ ಉಳಿಸುತ್ತದೆ.

ಮನೋಧರ್ಮದ ಭಾಗ, ಅಂದರೆ ಅಲ್ಲೇ ಕಲ್ಪಿಸಿ ನುಡಿಸುವ ಭಾಗ ಇದ್ದರೆ ವೃಂದಕ್ಕೆ ನಾಲ್ಕು ಬಾರಿನ ಒಂದು ಆವರ್ತ ಬರೆದು, ‘ಸನ್ನೆ ಬರುವವರೆಗೆ ಮತ್ತೆ ಮತ್ತೆ’ ಎಂದು ಗುರುತು ಹಾಕಿ. ಎಷ್ಟನೇ ಸಲಕ್ಕೆ ಮುಂದಕ್ಕೆ ಹೋಗಬೇಕು ಎನ್ನುವುದನ್ನು ಕಂಡಕ್ಟರು ಗಿಟಾರಿಸ್ಟಿನ ಮುಖ ನೋಡಿ ತೀರ್ಮಾನಿಸಲಿ. ಪಿಟೀಲಿನವರಲ್ಲಿ ಇಬ್ಬರಿಗೆ ಒಂದೇ ಸ್ಟ್ಯಾಂಡು. ಸಭೆಯಿಂದ ದೂರಕ್ಕೆ, ಒಳಬದಿಗೆ ಕೂತವರು ಪುಟ ತಿರುವುತ್ತಾರೆ, ಆ ಹೊತ್ತಿಗೆ ಅವರ ನಾದ ನಿಲ್ಲುತ್ತದೆ. ಪುಟದ ಕೊನೆಗೆ ವಿರಾಮದ ಬಾರುಗಳು ಬರುವಂತೆ ಜೋಡಿಸದಿದ್ದರೆ ಪ್ರತಿ ಪುಟಕ್ಕೂ ಅರ್ಧದಷ್ಟು ಪಿಟೀಲುಗಳು ಮಾಯವಾಗುತ್ತವೆ.

ಇಷ್ಟು ಜನ ತಾಳ ತಪ್ಪದೆ ಹೇಗೆ ನುಡಿಸುತ್ತಾರೆ? (ಶಿವಮೊಗ್ಗ)

ಇಡೀ ವಿಷಯದಲ್ಲಿ ಅತಿ ಕಷ್ಟದ್ದು ಇದೇ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ 10 ಮೀಟರಿಗೆ 29 ಮಿಲಿಸೆಕೆಂಡ್. ಡ್ರಮ್ಸಿನಿಂದ 10 ಮೀಟರ್ ದೂರ, ಹಿಂದಿನ ಸಾಲಿನಲ್ಲಿ ಕೂತ ಹಾರ್ನ್ (ಊದುವ ವಾದ್ಯ) ವಾದಕರು ಡ್ರಮ್ಸ್ ಕೇಳಿಕೊಂಡು ನುಡಿಸಿದರೆ ಅಷ್ಟು ತಡ. ಅವರ ನಾದ ಡ್ರಮ್ಮರಿನ ಕಿವಿಗೆ ವಾಪಸ್ಸು ಬರುವಾಗ 58 ಮಿಲಿಸೆಕೆಂಡ್. ಡ್ರಮ್ಮರ್ ಅದಕ್ಕೆ ಕಾದರೆ ಕಾಲಪ್ರಮಾಣ ಇಳಿಯುತ್ತಲೇ ಹೋಗುತ್ತದೆ. ಇದರ ಜೊತೆಗೆ ಅಭ್ಯಾಸಬಲವೂ ಇದೆ. ಎಷ್ಟೋ ವೃಂದಗಳು ಕೋಲು ಕೆಳಗೆ ಬಂದ ಮೇಲೆ ಒಂದು ಗಳಿಗೆ ಬಿಟ್ಟು ನಾದ ತೆಗೆಯುತ್ತವೆ. ಡ್ರಮ್ಮರಿನ ಪೆಟ್ಟು ಹಾಗೆ ಕಾಯುವುದಿಲ್ಲ.

ಪರಿಹಾರ ‘ಕ್ಲಿಕ್’, ಅಂದರೆ ಹೆಡ್‌ಫೋನಿನಲ್ಲಿ ಕೇಳುವ ತಾಳದ ಟಿಕ್ ಟಿಕ್. ಡ್ರಮ್ಮರ್ ಮತ್ತು ಕಂಡಕ್ಟರಿಗೆ ಅದು ಬೇಕೇ ಬೇಕು. ಪಿಟೀಲಿನವರಿಗೂ ಕೊಡುವುದಾದರೆ ಒಂದೇ ಕಿವಿಗೆ ಕೊಡಿ, ಇನ್ನೊಂದು ತಮ್ಮ ಶ್ರುತಿ ಕೇಳಿಕೊಳ್ಳಲು ಬೇಕು. ಎಡವಟ್ಟಾಗುವುದು ಮೆಲ್ಲನೆಯ ಭಾಗದಲ್ಲಿ: ಹೆಡ್‌ಫೋನಿನಿಂದ ಸೋರಿದ ಟಿಕ್ ಪಿಟೀಲಿನ ಮೈಕಿಗೆ ಬಿದ್ದು ಸಭೆಗೆಲ್ಲ ಕೇಳುತ್ತದೆ. ಅಲ್ಲಿ ಕ್ಲಿಕ್ ಇಳಿಸಬೇಕು, ಕೊನೆಯ ದೀರ್ಘಸ್ವರಕ್ಕೆ ಮುಂಚೆ ಪೂರ್ತಿ ನಿಲ್ಲಿಸಬೇಕು.

ಸಿಗುರ್ ರೋಸ್ ಸಂಗೀತ ವೃಂದಕ್ಕೆ ಇಷ್ಟು ಚೆನ್ನಾಗಿ ಒಗ್ಗುವುದಕ್ಕೂ ಕಾರಣ ಇಲ್ಲೇ ಇದೆ. 2023ರ ಅವರ ಆಲ್ಬಂನಲ್ಲಿ ಡ್ರಮ್ಸ್ ತೀರಾ ಕಡಿಮೆ. ಗಾಯಕ ಯೋನ್ಸಿ ಗಿಟಾರನ್ನು ಮೀಟದೆ ಚೆಲ್ಲೊ ಕಮಾನಿನಿಂದ ಉಜ್ಜುತ್ತಾರೆ. ಥಟ್ಟನೆ ಶುರುವಾಗುವ ಚೂಪಾದ ಎತ್ತುಗಡೆಯೇ ಇಲ್ಲದ ನಾದದಲ್ಲಿ 29 ಮಿಲಿಸೆಕೆಂಡ್ ಕರಗಿಹೋಗುತ್ತದೆ. ವೃಂದದ ಜೊತೆ ಹೊರಡುವ ರಾಕ್ ತಂಡ ಮೊದಲು ಆರಿಸಿಕೊಳ್ಳಬೇಕಾದದ್ದು ಇಂಥ ಹಾಡುಗಳನ್ನು.

ಡ್ರಮ್ಸ್, ಗಿಟಾರಿನ ಅಬ್ಬರದಲ್ಲಿ ಪಿಟೀಲು ಕೇಳಿಸುತ್ತದೆಯೇ? (ಮಂಗಳೂರು)

ಮೈಕ್ ಏರಿಸಿದರೆ ಕೇಳಿಸುವುದಿಲ್ಲ, ವೇದಿಕೆಯ ಸದ್ದು ಇಳಿಸಿದರೆ ಕೇಳಿಸುತ್ತದೆ. ಗಿಟಾರ್ ಆಂಪ್ಲಿಫೈಯರುಗಳನ್ನು ವೇದಿಕೆಯ ಹಿಂದಕ್ಕೆ ಸಾಗಿಸಿ. ನೆಲದ ಮಾನಿಟರ್ ಸ್ಪೀಕರು ತೆಗೆದು ಎಲ್ಲರಿಗೂ ಕಿವಿಯೊಳಗಿನ ಇಯರ್‌ಫೋನ್ ಕೊಡಿ. ಆಮೇಲೆ ಪ್ರತಿ ಪಿಟೀಲಿಗೂ ಕ್ಲಿಪ್ ಮೈಕ್. ಡ್ರಮ್ಸಿಗೆ ಪಾರದರ್ಶಕ ಅಕ್ರಿಲಿಕ್ ತಡೆ ಮುಂದೆ ಮಾತ್ರ ನಿಲ್ಲಿಸಿದರೆ ಸದ್ದು ಹಿಂದಿನ ಗೋಡೆಗೆ ಬಡಿದು ತಡೆಯ ಮೇಲಿಂದ ಹಾರಿ ಬರುತ್ತದೆ, ಹಿಂಬದಿಗೆ ದಪ್ಪ ಪರದೆ ಇರಲೇಬೇಕು. ನುಡಿಸದೆ ಕೂತ ವಿಭಾಗದ ಮೈಕುಗಳನ್ನು ಆಗಿಂದಾಗ್ಗೆ ಮುಚ್ಚಬೇಕು. 30 ಮೈಕು ಒಟ್ಟಿಗೆ ತೆರೆದಿದ್ದರೆ ಎಲ್ಲದರಲ್ಲೂ ಡ್ರಮ್ಸಿನ ಸಿಂಬಲ್ (ಲೋಹದ ತಟ್ಟೆ) ಸದ್ದೇ ತುಂಬಿರುತ್ತದೆ.

ಶ್ರುತಿ ಹೇಗೆ ಹೊಂದಿಸುತ್ತಾರೆ? (ತುಮಕೂರು)

ಶ್ರುತಿ ಹೊಂದಿಸುವುದು ‘ಎ’ ಎಂಬ ಸ್ವರಕ್ಕೆ. ಬ್ಯಾಂಡಿನ ಕೀಬೋರ್ಡಿನಲ್ಲಿ ಅದು ಸಾಮಾನ್ಯವಾಗಿ 440 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಯುರೋಪಿನ ಎಷ್ಟೋ ವೃಂದಗಳಲ್ಲಿ 442. ವ್ಯತ್ಯಾಸ ಅರ್ಧಸ್ವರದ ನೂರರಲ್ಲಿ ಸುಮಾರು 8 ಪಾಲು, ದೀರ್ಘಸ್ವರದಲ್ಲಿ ಎದ್ದು ಕೇಳುತ್ತದೆ. ಕೀಬೋರ್ಡನ್ನು ಏರಿಸುವುದು ಒಂದು ಗುಂಡಿಯ ಕೆಲಸ, ಆದರೆ ಮೊದಲೇ ಧ್ವನಿಮುದ್ರಿಸಿಟ್ಟ ಟ್ರ್ಯಾಕು ಅಷ್ಟು ಸುಲಭಕ್ಕೆ ಏರುವುದಿಲ್ಲ. ಹಾಗಾಗಿ ಯಾವ ಶ್ರುತಿ ಎಂಬುದನ್ನು ಕರಾರಿನಲ್ಲೇ ಬರೆದುಬಿಡಿ.

ನಮ್ಮ ಕಾಲೇಜು ಬ್ಯಾಂಡಿಗೆ ಇಬ್ಬರು ಕರ್ನಾಟಕ ಸಂಗೀತದ ಪಿಟೀಲು ವಾದಕರು ಸಿಕ್ಕಿದ್ದಾರೆ. ಏನು ಮಾಡಬಹುದು? (ಮೈಸೂರು)

ಇಬ್ಬರಿಗೂ ಒಂದೇ ಸಾಲು ಬರೆಯಬೇಡಿ. ಎರಡೇ ಪಿಟೀಲು ಒಂದೇ ಸ್ವರ ಹಿಡಿದರೆ ಕೂದಲೆಳೆಯ ವ್ಯತ್ಯಾಸವೂ ಅಪಸ್ವರವಾಗಿ ಕೇಳುತ್ತದೆ, ಮೂವರಾದರೆ ಬೆರೆತುಹೋಗುತ್ತದೆ. ಒಬ್ಬರಿಗೆ ರಾಗದ ಎಳೆ, ಇನ್ನೊಬ್ಬರಿಗೆ ಕೆಳಗಿನ ದೀರ್ಘಸ್ವರ ಕೊಡಿ. ಅವರ ತಂತಿಗಳು ಸ ಪ ಸ ಪ ಶ್ರುತಿಯಲ್ಲಿರುತ್ತವೆ. ನಿಮ್ಮ ಹಾಡಿನ ಆಧಾರ ಸ್ವರವನ್ನೇ ಅವರ ಷಡ್ಜ ಮಾಡಿ, ಸಾಲನ್ನು ಸರಿಗಮದಲ್ಲಿ ಬರೆದುಕೊಡಿ. ನೆಲದ ಮೇಲೆ ಕೂತು, ವಾದ್ಯದ ತುದಿಯನ್ನು ಪಾದಕ್ಕೆ ಆನಿಸಿ ನುಡಿಸುವವರು ಅವರು. ಎರಡಡಿ ಎತ್ತರದ ಕಟ್ಟೆ ಹಾಕಿ ಜಮಖಾನ ಹಾಸದಿದ್ದರೆ ಡ್ರಮ್ಮರಿನ ಕೈ ಅವರಿಗೆ ಕಾಣುವುದಿಲ್ಲ. ಬಯಲು ವೇದಿಕೆಯಾದರೆ ಬಟ್ಟೆ ಒಣಗಿಸುವ ಕ್ಲಿಪ್ ಹಾಳೆಗೆ ನಾಲ್ಕರಂತೆ ಒಯ್ಯಿರಿ. ದೊಡ್ಡ ವೃಂದಗಳೂ ಗಾಳಿಗೆ ಅದನ್ನೇ ಬಳಸುತ್ತವೆ.