ವೇರಿಯಬಲ್‌ಗಳ ಹೆಸರು ಬದಲಿಸಿದ ಹುಡುಗ

ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.

ನಿದ್ದೆ ಬರುವುದಿಲ್ಲ ಎಂದು ಆಪ್ತಸಲಹೆಗೆ ನನ್ನ ಬಳಿ ಬಂದಿದ್ದ. ವಯಸ್ಸು ಇಪ್ಪತ್ತೆರಡು. ಎರಡನೇ ಭೇಟಿಯಲ್ಲಿ ಕಾರಣ ಹೊರಬಂತು. ಅವನು ಒಂದು ಚೆಸ್ ಎಂಜಿನ್, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ, ಬರೆದಿದ್ದ. ನಡೆಗಳನ್ನು ಹುಡುಕುವ ಭಾಗ ಪೂರ್ತಿ ಅವನದೇ. ಅದು ಸರಿಯಿದೆಯೇ ಎಂದು ನೋಡಲು ಒಂದು ಲೆಕ್ಕವಿದೆ: ಆಟದ ಶುರುವಿನಿಂದ ಎರಡೂ ಕಡೆ ಸೇರಿ ನಾಲ್ಕು ನಡೆಗೆ 1,97,281 ದಾರಿಗಳು ಬರಬೇಕು. ಆ ಲೆಕ್ಕ ಸರಿಬಂದ ರಾತ್ರಿಯ ಬಗ್ಗೆ ಹೇಳುವಾಗ ಅವನ ಮುಖ ಅರಳಿತ್ತು.

ಆದರೆ ಯಾರ ಸ್ಥಿತಿ ಮೇಲು ಎಂದು ಅಂಕ ಕೊಡುವ ಭಾಗ ಕೈಕೊಟ್ಟಿತು. ಸ್ಟಾಕ್‌ಫಿಶ್ ಎಂಬ ಹೆಸರಾಂತ ಚೆಸ್ ಎಂಜಿನ್‌ನ ಹಳೆಯ ಆವೃತ್ತಿಯಿಂದ ಅಷ್ಟನ್ನೂ ಎತ್ತಿಕೊಂಡ. ಕೋಡ್‌ನಲ್ಲಿ ಬೆಲೆಗಳನ್ನು ಇಟ್ಟುಕೊಳ್ಳುವ ವೇರಿಯಬಲ್‌ಗಳ ಹೆಸರು ಬದಲಿಸಿದ. ಸೋರ್ಸ್, ಅಂದರೆ ಮೂಲ ಕೋಡ್, ಕೊಡದೆ ಎಂಜಿನ್ ಹಂಚಿದ. ಎಂಜಿನ್‌ಗಳ ಟೂರ್ನಮೆಂಟ್‌ಗೂ ಹೆಸರು ಕೊಟ್ಟ. ಹೊಗಳಿಕೆ ಬಂದಷ್ಟೂ ನಿದ್ದೆ ದೂರವಾಯಿತು.

"ಎಲ್ಲರೂ ತಗೊಳ್ತಾರಲ್ವಾ ಮೇಡಂ? ಆಲ್ಫಾ-ಬೀಟಾನೂ ನಾನೇ ಕಂಡುಹಿಡೀಬೇಕಿತ್ತಾ?"

ಬೇಡ. ಆಲ್ಫಾ-ಬೀಟಾ ಎಂದರೆ ನೋಡಬೇಕಿಲ್ಲದ ನಡೆಗಳನ್ನು ಬಿಟ್ಟು ಬೇಗ ಹುಡುಕುವ ವಿಧಾನ, ಓದಿ ಕಲಿತು ಯಾರು ಬೇಕಾದರೂ ತಮ್ಮ ಕೈಯಾರೆ ಬರೆಯಬಹುದು. ಸ್ಟಾಕ್‌ಫಿಶ್ ಕೂಡ 2008ರಲ್ಲಿ ಗ್ಲಾರಂಗ್ ಎಂಬ ಎಂಜಿನ್‌ನ ಕೋಡ್‌ನಿಂದಲೇ ಬೆಳೆದದ್ದು. ಅದನ್ನು ಮುಚ್ಚಿಡಲಿಲ್ಲ.

"ಹಾಗಾದರೆ ನೀನು ಹೆಸರುಗಳನ್ನು ಯಾಕೆ ಬದಲಿಸಿದೆ?" ಎಂದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅತ್ತ.

ರಾತ್ರಿಯೆಲ್ಲಾ ಅವನು ಓದುತ್ತಿದ್ದದ್ದು ರಿಬ್ಕಾ ಎಂಬ ಚೆಸ್ ಎಂಜಿನ್‌ನ ಪ್ರಕರಣವನ್ನು. ಫ್ರೂಟ್ ಮತ್ತು ಕ್ರಾಫ್ಟಿ ಎಂಜಿನ್‌ಗಳಿಂದ ನಕಲು ಮಾಡಿದೆ ಎಂದು, ಕಂಪ್ಯೂಟರ್ ಚೆಸ್ ವಿಶ್ವ ಸ್ಪರ್ಧೆ ನಡೆಸುವ ಐಸಿಜಿಎ ಸಂಸ್ಥೆ 2011ರಲ್ಲಿ ಅದರ 2007ರಿಂದ 2010ರವರೆಗಿನ ವಿಶ್ವ ಪ್ರಶಸ್ತಿಗಳನ್ನು ವಾಪಸ್ ಪಡೆಯಿತು. ಆ ತೀರ್ಮಾನದ ಬಗ್ಗೆ ಜಗಳ ಬಹಳ ಕಾಲ ನಡೆಯಿತು. ಅವನಿಗೆ ಮಾತ್ರ ಅದರಲ್ಲಿ ತನ್ನ ನಾಳೆಯೇ ಕಾಣುತ್ತಿತ್ತು.

ಇಂಥ ಕಡೆ "ಸುಮ್ನೆ ಮರೆತುಬಿಡು" ಎನ್ನುವುದು ನನ್ನ ಪ್ರಕಾರ ದೊಡ್ಡ ತಪ್ಪು. ಅವನ ಅಳುಕು ಕಾಯಿಲೆಯಲ್ಲ. ಅದು ಸರಿಯಾದದ್ದನ್ನೇ ಹೇಳುತ್ತಿತ್ತು.

ಮೊದಲು ಟೂರ್ನಮೆಂಟ್ ನಡೆಸುವವರಿಗೆ ತಿಳಿಸಿ ಹೊರಗೆ ಬಾ ಎಂದೆ, ಅವರು ಕೇಳುವ ಮುಂಚೆಯೇ. ಹಂಚಿದ್ದನ್ನು ನಿಲ್ಲಿಸು. ಮತ್ತೆ ಹಂಚುವುದಾದರೆ ಮೂಲ ಬರೆದವರ ಹೆಸರು ಉಳಿಸಿ, ಸ್ಟಾಕ್‌ಫಿಶ್‌ಗಿರುವ, ಹಂಚುವವರು ಸೋರ್ಸ್ ಕೊಡಲೇಬೇಕೆನ್ನುವ ಜಿಪಿಎಲ್ ಪರವಾನಗಿಯಲ್ಲೇ ಪೂರ್ತಿ ಸೋರ್ಸ್ ಜೊತೆ ಕೊಡು. ಆ ಪರವಾನಗಿಯ ಮೂರನೇ ಆವೃತ್ತಿಯನ್ನು ಇಬ್ಬರೂ ಕೂತು ಓದಿದೆವು. ಮುರಿದವರು ತಿದ್ದಿಕೊಂಡರೆ ಹಕ್ಕು ಮರಳಿ ಸಿಗುವ ದಾರಿ ಅದರಲ್ಲೇ ಇದೆ. ಆ ಸಾಲನ್ನು ಅವನು ಎರಡು ಸಲ ಓದಿದ.

ಪತ್ರ ಬರೆಯಲು ಮೂರು ವಾರ ಹಿಡಿಯಿತು. ಮೊದಲ ಕರಡಿನ ತುಂಬಾ ಸಬೂಬುಗಳಿದ್ದವು. ಅವನೇ ಹೊಡೆದುಹಾಕಿದ. ಕಳಿಸಿದ ಮೇಲೆ ಇಬ್ಬರು ಗೆಳೆಯರು ಮಾತು ಬಿಟ್ಟರು, ಆ ನೋವು ಇನ್ನೂ ಇದೆ.

ಈಗ ಅಂಕ ಕೊಡುವ ಭಾಗವನ್ನು ತಾನೇ ಬರೆಯುತ್ತಿದ್ದಾನೆ. ಸದ್ಯಕ್ಕೆ ಅದು ಕಾಯಿಗಳ ಬೆಲೆಯನ್ನಷ್ಟೇ ಎಣಿಸುತ್ತದೆ. ಜಾಸ್ತಿ ಸೋಲುತ್ತದಂತೆ. ಕಳೆದ ವಾರ ಅವನು ಅರ್ಧ ಗಂಟೆ ಹೇಳಿದ್ದು ರಾಜನ ರಕ್ಷಣೆಗೆ ಎಷ್ಟು ಅಂಕ ಕೊಡಬೇಕು ಎಂಬುದನ್ನೇ.