ಸಂಪಾದಕರ ಉತ್ತರ: ಗ್ರಾಮ ಸಭೆಯ ನೋಟಿಸು ಡೇರಿ ಗೋಡೆಗೆ ಬರಲಿ

ಮುಳಬಾಗಿಲು ತಾಲ್ಲೂಕಿನ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇದು:

"ನಮ್ಮ ಪಂಚಾಯಿತಿಯಲ್ಲಿ ಗ್ರಾಮ ಸಭೆ ಆಗೋಯ್ತಂತೆ. ನಮಗೆ ಗೊತ್ತಾಗಿದ್ದು ಮೊಬೈಲಿಗೆ ಫೋಟೋ ಬಂದ ಮೇಲೆ. ಮನೆ ಯಾರ್ಯಾರಿಗೆ ಅಂತ ಅಲ್ಲೇ ತೀರ್ಮಾನ ಆಯ್ತಂತೆ. ಎರಡು ದಿನ ಬಿಟ್ಟು ಒಂದು ಪುಸ್ತಕ ಹಿಡ್ಕೊಂಡು ಬಂದು ನಮ್ಮ ಸ್ತ್ರೀಶಕ್ತಿ ಸಂಘದವರ ಹತ್ರ ಸಹಿ ಹಾಕಿಸ್ಕೊಂಡು ಹೋದ್ರು. ಊರಿನ ಬೋರ್‌ವೆಲ್ ಮೋಟಾರ್ ಸುಟ್ಟು ಹದಿನೈದು ದಿನ ಆಯ್ತು, ಕೇಳೋರಿಲ್ಲ. ನಮ್ಮತ್ತೆಗೆ ಮೂರು ತಿಂಗಳಿಂದ ಪೆನ್ಷನ್ ಇಲ್ಲ. ಪಂಚಾಯಿತಿಗೆ ಹೋದ್ರೆ ನಾಡಕಚೇರಿ ಅಂತಾರೆ, ನಾಡಕಚೇರಿಯಲ್ಲಿ ಬ್ಯಾಂಕು ಅಂತಾರೆ, ಬ್ಯಾಂಕಲ್ಲಿ ನಮಗೆ ಗೊತ್ತಿಲ್ಲ ಅಂತಾರೆ. ಪತ್ರಿಕೆಯವರು ಮಂತ್ರಿಗಳು ಎಲ್ಲಿ ಬಂದ್ರು, ಎಲ್ಲಿ ಹೋದ್ರು ಅಂತ ಬರೀತೀರಿ. ಪಂಚಾಯಿತಿ ಸುದ್ದಿ ಯಾಕೆ ಬರೆಯಲ್ಲ? ಆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೆಸರು ಹಾಕಿ ಬರೀರಿ, ಆಗ ಬುದ್ಧಿ ಬರುತ್ತೆ."

ಅಕ್ಕಾ,

ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟ ವಿಷಯದಿಂದ ಶುರು ಮಾಡುತ್ತೇನೆ. ಆ ಸಹಿ ಪುಸ್ತಕ. ಪತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅದೇ.

ಗ್ರಾಮ ಸಭೆ ನಡೆಯಬೇಕಾದರೆ ಇಷ್ಟು ಜನ ಸೇರಲೇಬೇಕು ಅಂತ ಕಾಯ್ದೆಯಲ್ಲಿದೆ. ಮತದಾರರಲ್ಲಿ ಹತ್ತನೇ ಒಂದು ಪಾಲು, ಇಲ್ಲವೇ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಬಂದವರಲ್ಲಿ ನೂರಕ್ಕೆ 30 ಜನವಾದರೂ ಹೆಂಗಸರಿರಬೇಕು. ಪುಸ್ತಕ ನಿಮ್ಮ ಸಂಘವನ್ನೇ ಹುಡುಕಿಕೊಂಡು ಯಾಕೆ ಬಂತು ಅಂತ ಈಗ ಯೋಚನೆ ಮಾಡಿ. ಹೆಂಗಸರ ಸಹಿ ಕಡಿಮೆ ಬಿದ್ದಿರಬೇಕು. ಸಂಘದಲ್ಲಾದರೆ ಒಂದೇ ಜಾಗದಲ್ಲಿ ಹದಿನೈದಿಪ್ಪತ್ತು ಸಹಿ ಸಿಗುತ್ತವೆ. ಕಾಗದದ ಪ್ರಕಾರ ಆವತ್ತು ನೀವು ಸಭೆಯಲ್ಲಿ ಕೂತಿದ್ದೀರಿ, ಮನೆ ಪಟ್ಟಿ ಓದಿದಾಗ ಕೇಳಿಸಿಕೊಂಡಿದ್ದೀರಿ. ನಾಳೆ ನೀವು ತಕರಾರು ತೆಗೆದರೆ "ನೀವೇ ಇದ್ರಲ್ಲಮ್ಮಾ, ಸಹಿ ಇದೆಯಲ್ಲ" ಅನ್ನುತ್ತಾರೆ.

ಬಯ್ಯೋದಕ್ಕೆ ಹೇಳುತ್ತಿಲ್ಲ. ಸಂಘದವರ ಮುಂದೆ ದಿನಕ್ಕೊಂದು ರಿಜಿಸ್ಟರ್ ಬರುತ್ತದೆ. ಸಾಲದ್ದು, ಉಳಿತಾಯದ್ದು, ತರಬೇತಿಯದ್ದು, ಆರೋಗ್ಯ ಶಿಬಿರದ್ದು. ಪೆನ್ನು ಕೊಟ್ಟ ಕಡೆ ಸಹಿ ಹಾಕುವುದು ಅಭ್ಯಾಸವಾಗಿ ಹೋಗಿದೆ. ಮುಂದಿನ ಸಲ ಮಾತ್ರ ಪುಟದ ಮೇಲಿನ ಎರಡು ಸಾಲು ಓದಿ. ಯಾವ ಸಭೆ, ಯಾವ ತಾರೀಖು ಅಂತ ಅಲ್ಲಿ ಬರೆದಿರುತ್ತದೆ. ಆ ದಿನ ನೀವು ಹೋಗಿಲ್ಲವೆಂದರೆ ಸಹಿ ಬೇಡ. ಬಂದವರು ಪರಿಚಯದವರು, ಬೇಡ ಅನ್ನಲು ಸಂಕೋಚ ಅಂದರೆ, ಸಹಿಯ ಕೆಳಗೆ ಅವತ್ತಿನ ತಾರೀಖು ಬರೆಯಿರಿ. ಅವರೇ ಪುಸ್ತಕ ಮುಚ್ಚಿಕೊಂಡು ಹೋಗುತ್ತಾರೆ.

ಆಗಿಹೋದ ಸಭೆಗೂ ದಾರಿ ಇದೆ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಅದರಲ್ಲಿ ದೂರು ಬರೆಯಬೇಡಿ, ಸಿಟ್ಟು ಬೇಡ. ಇಂಥ ತಾರೀಖಿನ ಗ್ರಾಮ ಸಭೆಯ ನೋಟಿಸು, ನಡಾವಳಿ, ಹಾಜರಾತಿ ಪುಟ, ಅದರಲ್ಲಿ ಆಯ್ಕೆಯಾದ ಮನೆ ಫಲಾನುಭವಿಗಳ ಪಟ್ಟಿ, ಇವುಗಳ ನಕಲು ಕೊಡಿ ಅಂತ ಕೇಳಿದರೆ ಸಾಕು. ಬಸವ ವಸತಿ, ಅಂಬೇಡ್ಕರ್ ನಿವಾಸದಂಥ ಯೋಜನೆಗಳಿಗೆ ಫಲಾನುಭವಿಗಳನ್ನು ಆರಿಸುವುದು ಗ್ರಾಮ ಸಭೆಯಲ್ಲೇ. ಹಾಜರಾತಿಯಲ್ಲಿ ನಿಮ್ಮದೇ ಸಂಘದವರ ಹೆಸರು ಸಾಲಾಗಿ ಕಂಡರೆ, ಅದನ್ನು ಹಿಡಿದುಕೊಂಡು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿ, ಅಂದರೆ ಎಲ್ಲರೂ ಇಒ ಅನ್ನುವವರ ಹತ್ತಿರ ಹೋಗಬಹುದು. ಬರಿಗೈಯಲ್ಲಿ ಹೋಗುವುದಕ್ಕೂ ಅದಕ್ಕೂ ತುಂಬಾ ವ್ಯತ್ಯಾಸ.

ಇನ್ನು ಸುದ್ದಿಯ ಮಾತು. ನಿಮಗೆ ಬಂದಂಥ ಫೋಟೋಗಳು ನಮ್ಮ ಕಚೇರಿಗೂ ಬರುತ್ತವೆ. ಮೇಜು, ಮೇಲೊಂದು ಬಟ್ಟೆ, ನೀರಿನ ಬಾಟಲಿಗಳು, ಹಿಂದೆ ಬ್ಯಾನರ್, ಬ್ಯಾನರ್ ಮುಂದೆ ಸಾಲಾಗಿ ನಿಂತವರು. ಜನ ಕೂತಿರುವ ಕಡೆ ಕ್ಯಾಮೆರಾ ತಿರುಗಿರುವುದೇ ಇಲ್ಲ. ಸಭೆ ಮುಗಿದ ಮೇಲೆ ಬರುವ ಫೋಟೋದಿಂದ ನಿಮಗೆ ಏನೂ ಉಪಯೋಗವಿಲ್ಲ. ನಿಮಗೆ ಬೇಕಾದದ್ದು ಸಭೆಗೆ ಮೊದಲು ಬರುವ ನೋಟಿಸು. ಯಾವತ್ತು, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ವಿಷಯ. ಪಂಚಾಯಿತಿಯ ಸುದ್ದಿ ಅಂದರೆ ನನ್ನ ಪ್ರಕಾರ ಇದೇ. ಉಳಿದದ್ದೆಲ್ಲ ಆಮೇಲೆ.

ಆದರೆ ತಿಂಗಳಿಗೊಮ್ಮೆ ಬರುವ ಪತ್ರಿಕೆ ಆ ನೋಟಿಸನ್ನು ನಿಮಗೆ ಹೊತ್ತಿಗೆ ಸರಿಯಾಗಿ ತಲುಪಿಸುವುದು ಆಗದ ಮಾತು. ನೋಟಿಸು ಹೊರಟು ನಮ್ಮ ಕಚೇರಿಗೆ ಬಂದು, ಅಚ್ಚಾಗಿ, ಅಂಚೆಯಲ್ಲಿ ನಿಮ್ಮ ಮನೆ ಸೇರುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಪಂಚಾಯಿತಿಯವರು ಅದನ್ನು ಎಲ್ಲಿ ಅಂಟಿಸುತ್ತಾರೆ? ಅವರದೇ ಕಚೇರಿಯ ಬೋರ್ಡಿಗೆ. ಗಾಜಿನ ಬಾಗಿಲು, ಬೀಗ, ಒಳಗೆ ಬಿಸಿಲಿಗೆ ಮಾಸಿದ ಹಳೇ ಕಾಗದಗಳು. ಕಚೇರಿ ಇರುವ ಊರಿನವರೇ ಅದನ್ನು ನೋಡಲ್ಲ. ಎರಡು ಮೂರು ಕಿಲೋಮೀಟರ್ ದೂರದ ಊರಿನವರ ಪಾಡು ಕೇಳಲೇಬೇಡಿ.

ನಿಮ್ಮೂರಿನಲ್ಲಿ ಎಲ್ಲರೂ ದಿನಕ್ಕೆರಡು ಸಲ ಸೇರುವ ಜಾಗ ಯಾವುದು ಹೇಳಿ? ಹಾಲಿನ ಡೇರಿ ಅಲ್ವಾ. ಬೆಳಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತೀರಿ. ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ ಎಷ್ಟು ಬಂತು ಅಂತ ಚೀಟಿ ನೋಡುತ್ತೀರಿ. ಲೀಟರಿಗೆ ರೇಟು ಹೆಚ್ಚಾದರೆ, ಕಡಿಮೆಯಾದರೆ, ಹಸುಗಳಿಗೆ ಲಸಿಕೆ ಹಾಕಲು ಬಂದರೆ ಅದು ಮೊದಲು ಡೇರಿ ಗೋಡೆಗೆ ಬರುತ್ತದೆ, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಗ್ರಾಮ ಸಭೆಯ ನೋಟಿಸು ಆ ಗೋಡೆಗೆ ಬರಬೇಕು. ಜೊತೆಗೆ ನ್ಯಾಯಬೆಲೆ ಅಂಗಡಿ, ಅಂಗನವಾಡಿ. ಕಸದ ಆಟೋದಲ್ಲಿ ಹೇಗೂ ಮೈಕು ಇರುತ್ತದೆ, ಹಾಡಿನ ಮಧ್ಯೆ ಒಂದು ನಿಮಿಷ ಸಭೆಯ ವಿಷಯ ಹೇಳಲಿ. ನಿಮ್ಮ ಗಡಿ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಮೈಕಿನಲ್ಲಿ ಎರಡರಲ್ಲೂ ಹೇಳಿದರೆ ಯಾರಿಗೇನು ನಷ್ಟ?

ಇದನ್ನು ಸಂಘದ ಲೆಟರ್‌ಹೆಡ್‌ನಲ್ಲಿ ಬರೆದು ಪಂಚಾಯಿತಿಗೆ ಕೊಡಿ. ಬಾಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ. ಎರಡು ಪ್ರತಿ ತೆಗೆದುಕೊಂಡು ಹೋಗಿ, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. ವಾರ್ಡ್ ಸಭೆಯ ನೋಟಿಸನ್ನೂ ಸೇರಿಸಿ ಕೇಳಿ. ಅದರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ, ನಡೆದೇ ಇಲ್ಲವೋ ಏನೋ. ಮನೆ ಯಾರಿಗೆ ಬೇಕು, ಚರಂಡಿ ಎಲ್ಲಿ ಆಗಬೇಕು ಅನ್ನುವ ಮಾತು ಮೊದಲು ಏಳುವುದು ವಾರ್ಡ್ ಸಭೆಯಲ್ಲಿ, ನಿಮ್ಮ ವಾರ್ಡಿನ ಸದಸ್ಯರ ಮುಂದೆ. ಅಲ್ಲಿಂದ ಅದು ಗ್ರಾಮ ಸಭೆಗೆ ಹೋಗುತ್ತದೆ. ಎರಡೂ ಆರು ತಿಂಗಳಿಗೆ ಒಂದು ಸಲವಾದರೂ ಆಗಬೇಕು. ಸಣ್ಣ ಸಭೆಯಲ್ಲಿ ಹೆಂಗಸರಿಗೆ ಮಾತಾಡುವುದು ಸಲೀಸು, ಇದು ನನ್ನ ಅನಿಸಿಕೆ.

ಮೋಟಾರ್ ವಿಷಯ. ವರ್ಷವೆಲ್ಲ ಹರಿಯುವ ಹೊಳೆ ನಮ್ಮ ಕೋಲಾರ ಜಿಲ್ಲೆಯಲ್ಲಿ ಇಲ್ಲ. 2018ರಿಂದ ಬೆಂಗಳೂರಿನ ಕಡೆಯಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೆರೆಗಳಿಗೆ ಬರುತ್ತಿದೆಯಾದರೂ ಅದು ಅಂತರ್ಜಲ ತುಂಬಲು ಬಿಟ್ಟ, ಸಂಸ್ಕರಿಸಿದ ಕೊಳಚೆ ನೀರು, ನಲ್ಲಿಗೆ ಬಿಡುವುದಲ್ಲ. ಹಳ್ಳಿಯ ಕೊಡ ತುಂಬಬೇಕಾದರೆ ಬೋರ್‌ವೆಲ್ಲೇ ಗತಿ. ಅದೂ ಎಷ್ಟೋ ಕಡೆ ಸಾವಿರ ಅಡಿ ದಾಟಿದ್ದು. ಅಷ್ಟು ಆಳದಿಂದ ಪೈಪು, ಕೇಬಲ್ಲು, ಮೋಟಾರ್ ಎತ್ತಬೇಕು, ರಿವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. ಲಾರಿ, ಆಳು ಎಲ್ಲದಕ್ಕೂ ದುಡ್ಡು ಬೇಕು. "ಪಂಚಾಯಿತಿಯಲ್ಲಿ ದುಡ್ಡಿಲ್ಲ" ಅನ್ನುವ ಉತ್ತರ ನಿಮಗೂ ಸಿಕ್ಕಿರಬೇಕು.

ದುಡ್ಡು ಇದೆಯೋ ಇಲ್ಲವೋ ನೀವೇ ನೋಡಬಹುದು. 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ, 2021-22ರಿಂದ 2025-26ರವರೆಗೆ, 100 ರೂಪಾಯಿಗೆ 60 ರೂಪಾಯಿ ಕುಡಿಯುವ ನೀರಿಗೆ ಮತ್ತು ನೈರ್ಮಲ್ಯಕ್ಕೇ ಅಂತ ಕಟ್ಟುಪಾಡು ಇತ್ತು. ಆ ದುಡ್ಡು ಹೇಗೆ ಖರ್ಚಾಯ್ತು ಅನ್ನುವುದು ಇ-ಗ್ರಾಮ ಸ್ವರಾಜ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಇದೆ. ಪಾಸ್‌ವರ್ಡ್ ಏನೂ ಬೇಡ. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿ ವರ್ಷ ಒತ್ತಿದರೆ ವೋಚರುಗಳು ತೆರೆಯುತ್ತವೆ. ತಾರೀಖು, ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು, ಯಾವ ಕೆಲಸಕ್ಕೆ. ವಿವರ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ, ಅದೊಂದು ತಲೆನೋವು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಕೂರಿಸಿಕೊಂಡು ನೋಡಿ. ನಿಮ್ಮೂರಿನ ಮೋಟಾರ್ ರಿಪೇರಿ ಅಂತ ಈ ವರ್ಷ ಎಷ್ಟು ಸಲ ಬಿಲ್ಲಾಗಿದೆ ಅಂತ ಬರೆದುಕೊಳ್ಳಿ. ಊರಿಗೆ ನೀರು ಬಿಡುವ ನೀರುಗಂಟಿಯನ್ನೂ ಒಂದು ಮಾತು ಕೇಳಿ. ಮೋಟಾರ್ ಎಷ್ಟು ಸಲ ಮೇಲೆ ಬಂತು ಅಂತ ಅವರಷ್ಟು ಸರಿಯಾಗಿ ಹೇಳುವವರು ಇನ್ನೊಬ್ಬರಿಲ್ಲ. ಎರಡೂ ಲೆಕ್ಕ ಸರಿಹೊಂದಿದರೆ ಒಳ್ಳೆಯದು. ಹೊಂದದಿದ್ದರೆ ಗ್ರಾಮ ಸಭೆಯಲ್ಲಿ ಕೇಳುವುದಕ್ಕೆ ಪ್ರಶ್ನೆ ಸಿಕ್ಕಿತು.

ನಿಮ್ಮ ಅತ್ತೆಯವರ ಪೆನ್ಷನ್ ಪಂಚಾಯಿತಿಯ ಕೆಲಸವೇ ಅಲ್ಲ. ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ವೇತನ ಎಲ್ಲ ಕಂದಾಯ ಇಲಾಖೆಯದು. ಅರ್ಜಿ ಹೋಬಳಿಯ ನಾಡಕಚೇರಿಯಲ್ಲಿ, ಮಂಜೂರಾತಿ ತಹಶೀಲ್ದಾರ್ ಕಚೇರಿಯಿಂದ. ಪೂರ್ತಿ ನಿಂತುಹೋಗಿದೆ ಅಂದುಕೊಳ್ಳುವ ಮೊದಲು ಇನ್ನೊಂದು ನೋಡಿ. ಈಗ ದುಡ್ಡು ಹೋಗುವುದು ಆಧಾರ್ ನಂಬರಿನ ಮೇಲೆ. ಆಧಾರ್ ಕೊನೆಗೆ ಯಾವ ಬ್ಯಾಂಕಿನ ಖಾತೆಗೆ ಜೋಡಣೆಯಾಗಿದೆಯೋ ಆ ಖಾತೆಗೆ. ಸಂಘದ್ದೋ ಇನ್ಯಾವುದೋ ಕೆಲಸಕ್ಕೆ ಅತ್ತೆಯವರ ಹೆಸರಿನಲ್ಲಿ ಈಚೆಗೆ ಹೊಸ ಖಾತೆ ತೆರೆಸಿದ್ದೀರಾ? ಹಾಗಿದ್ದರೆ ಹಳೇ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಅಲೆದರೆ ಅವರಿಗೆ ಏನು ಗೊತ್ತಾಗಬೇಕು? ಹೊಸದರಲ್ಲಿ ಎಂಟ್ರಿ ಮಾಡಿಸಿ. ಡಿಬಿಟಿ ಕರ್ನಾಟಕ ಅನ್ನುವ ಆ್ಯಪ್‌ನಲ್ಲೂ ಯಾವ ತಿಂಗಳ ದುಡ್ಡು ಯಾವ ಬ್ಯಾಂಕಿಗೆ ಬಿತ್ತು ಅಂತ ಕಾಣುತ್ತದೆ. ಅಲ್ಲೂ ಇಲ್ಲವೆಂದರೆ ತಹಶೀಲ್ದಾರ್ ಕಚೇರಿಯ ಪೆನ್ಷನ್ ವಿಭಾಗದಲ್ಲಿ ಮಂಜೂರಾತಿ ಆದೇಶ ತೋರಿಸಿ ಕಾರಣ ಕೇಳಬೇಕು.

ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡಿಸುವುದಕ್ಕೆ ಅರ್ಧ ಕಾರಣ ಇದೇ. ಯಾವುದು ಯಾರ ಕೆಲಸ ಅಂತ ಹೇಳುವವರಿಲ್ಲ. ಸ್ಥೂಲವಾಗಿ ಇಷ್ಟು ನೆನಪಿಟ್ಟುಕೊಳ್ಳಿ: ಮನೆ, ನಿವೇಶನ, ನೀರು, ಚರಂಡಿ, ಕಸ, ಬೀದಿ ದೀಪ, ಮನೆ ಕಂದಾಯ, ಇ-ಸ್ವತ್ತಿನ ಖಾತೆ ಪಂಚಾಯಿತಿಯದು. ಜಮೀನು, ಪಹಣಿ, ಪೌತಿ ಖಾತೆ, ಜಾತಿ ಆದಾಯ ಪತ್ರ, ಪೆನ್ಷನ್ ಕಂದಾಯ ಇಲಾಖೆಯದು. ಬಲ್ಬು ಹೋದರೆ ಪಂಚಾಯಿತಿ, ಕರೆಂಟೇ ಹೋದರೆ ಬೆಸ್ಕಾಂನ 1912. ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ರಾಜ್ಯದ ಜನಸ್ಪಂದನ ನಂಬರ್ 1902.

ಅರ್ಜಿ ಹಾಕಿದಾಗ ಸಕಾಲದ ಸ್ವೀಕೃತಿ ಕೇಳಿ, 15 ಅಂಕಿಯ ನಂಬರ್ ಇರುತ್ತದೆ. 2012ರಿಂದ ಜಾರಿಯಲ್ಲಿರುವ ಕಾಯ್ದೆ ಅದು. ಅದರ ಪಟ್ಟಿಯಲ್ಲಿರುವ ಸೇವೆಯನ್ನು ಹೇಳಿದ ದಿನದೊಳಗೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದೂ ತಡಮಾಡಿದವರ ಜೇಬಿನಿಂದ. ಇಪ್ಪತ್ತು ರೂಪಾಯಿಗೆ ಈಗ ಎರಡು ಟೀ ಬಂದರೆ ಹೆಚ್ಚು. ಆದರೂ ನಂಬರ್ ಇರುವ ಅರ್ಜಿಯನ್ನು "ಕಳೆದುಹೋಗಿದೆ" ಅನ್ನುವುದು ಕಷ್ಟ. "ಸರ್ವರ್ ಇಲ್ಲ, ಬಿಟ್ಟು ಹೋಗಿ, ಆಮೇಲೆ ಹಾಕ್ತೀವಿ" ಅಂದರೆ ಅರ್ಜಿ ಬಿಟ್ಟು ಬರಬೇಡಿ.

ಪತ್ರಿಕೆಗಳಲ್ಲಿ ಹಳ್ಳಿಯ ಸುದ್ದಿ ಕಡಿಮೆಯಾಗಿದೆ ಅನ್ನುವುದು ನಿಜ. ಅದಕ್ಕೆ ಜನ ಅಷ್ಟಾಗಿ ಮಾತಾಡದ ಒಂದು ಕಾರಣ ಹೇಳುತ್ತೇನೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಚುನಾವಣೆ ಇಲ್ಲದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು. ಮೊದಲು ಜಿಲ್ಲಾ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಸದಸ್ಯರು ಎದ್ದು ನಿಂತು, ನನ್ನ ಕ್ಷೇತ್ರದ ಇಂಥ ಹಳ್ಳಿಯಲ್ಲಿ ಮೋಟಾರ್ ಸುಟ್ಟಿದೆ, ಇಂಜಿನಿಯರ್ ಫೋನ್ ಎತ್ತಲ್ಲ ಅಂತ ಗಲಾಟೆ ಮಾಡುತ್ತಿದ್ದರು. ಎಷ್ಟೋ ಗಲಾಟೆ ಸುಮ್ನೆ ತೋರಿಕೆಗೆ. ಆದರೂ ವರದಿಗಾರರು ಕೂತು ಬರೆದುಕೊಳ್ಳುತ್ತಿದ್ದರು, ಮಾರನೇ ದಿನ ಆ ಹಳ್ಳಿಯ ಹೆಸರು ಪೇಪರಿನಲ್ಲಿ ಇರುತ್ತಿತ್ತು. ಅಧಿಕಾರಿಗಳೇ ಅಧಿಕಾರಿಗಳನ್ನು ಕೇಳುವ ಪ್ರಗತಿ ಪರಿಶೀಲನೆಯಲ್ಲಿ ಅಂಥದ್ದು ಏಳುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೇಳುವ ಬಾಯಿ ಜೋರಾಗದೆ ನಮ್ಮಂಥವರಿಗೆ ಸುದ್ದಿಯೂ ಸಿಗುವುದಿಲ್ಲ.

ಪಿಡಿಒ ಹೆಸರು ಹಾಕಿ ಅಂದಿರಿ. ಹಾಕುವುದಿಲ್ಲ. ಈಗ ನನ್ನ ಕೈಯಲ್ಲಿ ಇರುವುದು ನಿಮ್ಮ ಒಂದು ಪತ್ರ, ಅದರಲ್ಲೂ ನಿಮ್ಮ ಹೆಸರು ಬೇಡ ಅನ್ನುತ್ತೀರಿ. ನಿಮ್ಮನ್ನು ನಂಬುವುದಿಲ್ಲ ಅಂತಲ್ಲ. ಹೆಸರಿಲ್ಲದ ದೂರಿಗೆ ಹೆಸರಿರುವ ಒಬ್ಬರನ್ನು ನಿಲ್ಲಿಸುವುದು ಸರಿಯಲ್ಲ. ಎಷ್ಟೋ ಕಡೆ ಒಬ್ಬರೇ ಪಿಡಿಒ ಎರಡು ಪಂಚಾಯಿತಿ ನೋಡಿಕೊಳ್ಳುತ್ತಿರುತ್ತಾರೆ, ಅದನ್ನೂ ವಿಚಾರಿಸಬೇಕಾಗುತ್ತದೆ. ನಡಾವಳಿಯ ನಕಲು, ಹಾಜರಾತಿ ಪುಟ ಬರಲಿ, ಆಗ ಮಾತಾಡೋಣ.

ಮುಂದಿನ ಸಂಚಿಕೆಯಿಂದ ಕೊನೇ ಪುಟದಲ್ಲಿ ಅರ್ಧ ಜಾಗವನ್ನು ಇಂಥ ಪ್ರಶ್ನೆಗಳಿಗೆ ಬಿಡುತ್ತೇವೆ. ಯಾವ ಕೆಲಸಕ್ಕೆ ಯಾವ ಕಚೇರಿ, ಯಾವ ಕಾಗದ, ಎಷ್ಟು ದಿನ. ಸನ್ಮಾನದ ಫೋಟೋಗಳಿಗೆ ಅಲ್ಲಿ ಜಾಗವಿಲ್ಲ, ದಯವಿಟ್ಟು ಯಾರೂ ಕಳಿಸಬೇಡಿ. ನಿಮ್ಮ ಸಂಘದ ಅರ್ಜಿಯ ಸೀಲಾದ ಪ್ರತಿಯನ್ನು ಒಂದು ಜೆರಾಕ್ಸ್ ಮಾಡಿಸಿ ನಮಗೆ ಕಳಿಸಿ. ಪಂಚಾಯಿತಿಯವರು ಕೊಟ್ಟ ಉತ್ತರ ಬಂದರೆ ಎರಡನ್ನೂ ಪಕ್ಕಪಕ್ಕ ಅಚ್ಚು ಹಾಕುತ್ತೇವೆ. ಉತ್ತರವೇ ಬರದಿದ್ದರೆ ಅರ್ಜಿ ಕೊಟ್ಟ ತಾರೀಖನ್ನಷ್ಟೇ ಹಾಕುತ್ತೇವೆ.

ಸಂ.