ಚಿತ್ತಾಪುರದ ಹತ್ತಿರ ಎಎ ಮೀಟಿಂಗ್ ಹುಡುಕೋದು

ಅಣ್ಣನಿಗಾಗಿ ಚಿತ್ತಾಪುರದ ಹತ್ತಿರ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗ್ ಹುಡುಕಿದರೆ ಬರೀ ಬೆಂಗಳೂರಿನವೇ ಬರುತ್ತವೆ ಅಂದಿದ್ದೀರಿ. ಬಹುಶಃ ಮ್ಯಾಪಿನಲ್ಲಿ ಹುಡುಕಿದ್ದೀರಿ. ಎಎ ಗುಂಪುಗಳಿಗೆ ಸಾಮಾನ್ಯವಾಗಿ ಸ್ವಂತ ಕಟ್ಟಡ, ಬೋರ್ಡು ಇರಲ್ಲ, ಶಾಲೆಯದೋ ಚರ್ಚಿನದೋ ಒಂದು ಕೋಣೆಯಲ್ಲಿ ಸೇರುತ್ತಾರೆ.

ಮೊದಲು ಎಎ ಇಂಡಿಯಾ ವೆಬ್‌ಸೈಟ್ ನೋಡಿ, ಅಲ್ಲಿರುವ ಸಹಾಯವಾಣಿಗೆ ಫೋನ್ ಮಾಡಿ. ಚಿತ್ತಾಪುರ ಒಂದೇ ಅಲ್ಲ, ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿ ಎಲ್ಲಾ ಹೆಸರು ಹೇಳಿ ಕೇಳಿ, ಯಾಕಂದ್ರೆ ರೈಲಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿದ್ದರೂ ಸಾಕಲ್ವಾ. ಹೊರಡುವ ದಿನ ಇನ್ನೊಮ್ಮೆ ಕೇಳಿಕೊಳ್ಳಿ, ಜಾಗ, ಸಮಯ ಬದಲಾಗಿರಬಹುದು. ‘ಓಪನ್ ಮೀಟಿಂಗ್’ ಯಾವತ್ತು ಅಂತಲೂ ಕೇಳಿ, ಅದಕ್ಕೆ ನೀವೂ ಜೊತೆಗೆ ಹೋಗಬಹುದು. ಎಎನಲ್ಲಿ ಫೀಸಿಲ್ಲ. ಸೇರಿಸಿಕೊಳ್ಳೋಕೆ ದುಡ್ಡು ಕೇಳಿದರೆ ಅದು ಎಎ ಅಲ್ಲ.

ಅಲ್ಲಿ ಸಿಗದಿದ್ದರೆ 14446ಕ್ಕೆ ಫೋನ್ ಮಾಡಿ, ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ ಅದು. ಕಲಬುರಗಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ವಿಭಾಗದಲ್ಲೂ ವಿಚಾರಿಸಿ. ಹತ್ತಿರದ ಗುಂಪು ಅವರಿಗೆ ಗೊತ್ತಿರಬಹುದು.

ಒಂದು ಮಾತು ಮಾತ್ರ ದಯವಿಟ್ಟು ಮರೀಬೇಡಿ. ಅಣ್ಣ ದಿನಾ ಜಾಸ್ತಿ ಕುಡಿಯುವವರಾಗಿದ್ದರೆ ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ಮೂರು ದಿನದಲ್ಲಿ ಕೈ ನಡುಕ, ಬೆವರು ಜಾಸ್ತಿಯಾಗಿ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಬಹುದು, ಜೀವಕ್ಕೇ ಅಪಾಯ. ಹಾಗೇನಾದರೂ ಕಂಡರೆ 108ಕ್ಕೆ ಫೋನ್ ಮಾಡಿ, ಮೀಟಿಂಗ್ ಆಮೇಲೆ. ಹತ್ತಿರ ಗುಂಪು ಸಿಗುವ ತನಕ ಆನ್‌ಲೈನ್ ಮೀಟಿಂಗ್‌ಗೆ ಕೂರಿಸಿ. ಕನ್ನಡದ್ದೋ ಹಿಂದಿಯದ್ದೋ ಯಾವಾಗಿದೆ ಅಂತ ಅದೇ ಎಎ ಸಹಾಯವಾಣಿಯಲ್ಲಿ ಕೇಳಿ.